ಹಳೆಯ ಕಂಪ್ಯೂಟರ್ ಮನೆಗೆ ಬಂದಾಗ...

ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದು ಕಾಲೇಜಿಗೆ ಸೇರಿದ್ದಾಳೆ. ‘ಅಮ್ಮೀ, ಪ್ರಾಜೆಕ್ಟ್ ಬರೆಯಲು ಒಂದು ಕಂಪ್ಯೂಟರ್ ಬೇಕು’ ಎಂದು ದಿನಕ್ಕೆರಡು ಸಲ ನೆನಪಿಸುತ್ತಾಳೆ. ಹೊಸದರ ಬೆಲೆ ವಿಚಾರಿಸಿದರೆ ಎದೆ ಧಸಕ್ಕೆನ್ನುತ್ತದೆ. ಆಗ ಮನೆಯಲ್ಲಿ ಯಾರಾದರೊಬ್ಬರು ಸೆಕೆಂಡ್ ಹ್ಯಾಂಡ್ ತರೋಣ ಎಂದು ಸಲಹೆ ಕೊಡುತ್ತಾರೆ. ನಮ್ಮ ಬಂಗಾರಪೇಟೆ ಮತ್ತು ಕೆಜಿಎಫ್ ಕಡೆಯಿಂದ ದಿನನಿತ್ಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ಬರುವವರಿಗೆ ಲೆಕ್ಕವಿಲ್ಲ. ಅವರಲ್ಲಿ ಒಬ್ಬ ಅಣ್ಣನೋ ಭಾವನೋ ಒಂದು ಸಂಜೆ ರಟ್ಟಿನ ಪೆಟ್ಟಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಾನೆ. ಮನೆಯಲ್ಲಿ ಹಬ್ಬದ ವಾತಾವರಣ.

‘ಎಲ್ಲಾ ಕ್ಲೀನ್ ಮಾಡಿಸಿದ್ದೇನೆ, ವಿಂಡೋಸ್ ಹೊಸದಾಗಿ ಹಾಕಿಸಿದ್ದೇನೆ. ಹೊಸ ಮಾಲು ಇದ್ದಂತೆಯೇ’ ಎಂದು ತಂದವನು ಹೇಳುತ್ತಾನೆ. ನಾವೂ ನಂಬುತ್ತೇವೆ.

ಓದುಗ ಸಹೋದರಿಯರೇ, ಈ ಒಂದು ಮಾತನ್ನು ಅಷ್ಟು ಸುಲಭವಾಗಿ ನಂಬಬೇಡಿ ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ನಾದಿನಿಯ ಮನೆಯಲ್ಲಿ ಕಂಡದ್ದು

ನನ್ನ ನಾದಿನಿಯ ಮನೆ ರಾಬರ್ಟ್‌ಸನ್‌ಪೇಟೆಯಲ್ಲಿದೆ. ಅವಳ ಮಗಳಿಗಾಗಿ ಇಂಥದ್ದೇ ಒಂದು ಕಂಪ್ಯೂಟರ್ ಬಂತು. ವಾರ ಕಳೆಯುವುದರೊಳಗೆ ‘ಜಾಗ ಸಾಲದು’ ಎಂದು ಅದು ದೂರತೊಡಗಿತು. ನಮ್ಮದೆಂದು ಒಂದು ಹಾಡಾಗಲಿ, ಚಿತ್ರವಾಗಲಿ ಅದರಲ್ಲಿ ಹಾಕಿರಲಿಲ್ಲ. ಆದರೂ ಸಿ ಡ್ರೈವ್‌ನ ಗೆರೆ ಕೆಂಪಾಗಿತ್ತು. ಆನ್ ಮಾಡಿದಾಗಲೆಲ್ಲ ‘ಯಾವ ವಿಂಡೋಸ್ ಬೇಕು?’ ಎಂದು ಎರಡು ಹೆಸರು ತೋರಿಸುತ್ತಿತ್ತು. ಮೂಲೆಯಲ್ಲಿ ಒಂದು ಆ್ಯಂಟಿ ವೈರಸ್ ‘ಅವಧಿ ಮುಗಿದಿದೆ, ಹಣ ಕಟ್ಟಿ’ ಎಂದು ಪದೇ ಪದೇ ಎದ್ದು ಬರುತ್ತಿತ್ತು.

ಒಂದು ಭಾನುವಾರ ನಾನು ಬಂಗಾರಪೇಟೆಯಿಂದ ಹೋದಾಗ ಇಬ್ಬರೂ ಕುಳಿತು ಹುಡುಕಿದೆವು. ಡಿ ಡ್ರೈವ್ ತೆರೆದರೆ ಒಂದು ಫೋಲ್ಡರ್. ಅದರೊಳಗೆ ಯಾರದೋ ಮದುವೆಯ ಚಿತ್ರಗಳು. ಮದುಮಗಳು ಗೆಳತಿಯರ ನಡುವೆ ಮೆಹಂದಿ ಹಚ್ಚಿಸಿಕೊಳ್ಳುತ್ತಿದ್ದಾಳೆ. ಒಳಮನೆಯಲ್ಲಿ ಹೆಂಗಸರು ಮಾತ್ರ ಇರುವಾಗ ತೆಗೆದ ಚಿತ್ರಗಳೆಂದು ನೋಡಿದೊಡನೆ ತಿಳಿಯುತ್ತಿತ್ತು. ಪಕ್ಕದಲ್ಲೇ ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಪ್ರತಿಗಳು. ನಾದಿನಿ ತಕ್ಷಣ ಅದನ್ನು ಮುಚ್ಚಿಬಿಟ್ಟಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಅವಳು ಮೆಲ್ಲಗೆ ಕೇಳಿದಳು, ‘ಅಕ್ಕಾ, ಐದು ವರ್ಷದ ಹಿಂದೆ ನಮ್ಮ ಹಳೆಯ ಕಂಪ್ಯೂಟರನ್ನು ಎಕ್ಸ್‌ಚೇಂಜ್‌ನಲ್ಲಿ ಕೊಟ್ಟೆವಲ್ಲ, ಅದರಲ್ಲಿ ನನ್ನ ಮದುವೆಯ ಆಲ್ಬಮ್ ಇತ್ತು. ಅದು ಈಗ ಯಾರ ಮನೆಯಲ್ಲಿದೆ?’

ಉತ್ತರ ನನ್ನ ಬಳಿ ಇರಲಿಲ್ಲ. ಅಂಗಡಿಗೆ ಫೋನ್ ಮಾಡಿ ಕೇಳಿದೆವು. ‘ಯಾರಿಗೆ ಹೋಯಿತೋ, ಎಲ್ಲಿ ನೆನಪಿರುತ್ತದೆ ಮೇಡಂ’ ಎಂದು ಅವರು ನಕ್ಕರು.

ಗಣಿ ಮುಚ್ಚಿದರೂ ದಿಬ್ಬ ಉಳಿಯಿತು

ಕೆಜಿಎಫ್‌ನವರಿಗೆ ‘ಉಳಿಕೆ’ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆದರೆ ಅದಿರನ್ನು ಪುಡಿ ಮಾಡಿ, ಸಯನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ದಿಬ್ಬಗಳು ಎಲ್ಲಿಯೂ ಹೋಗಲಿಲ್ಲ. ಗಾಳಿ ಜೋರಾಗಿ ಬೀಸುವ ದಿನಗಳಲ್ಲಿ ಆ ಧೂಳು ಒಣಗಲು ಹಾಕಿದ ಬಟ್ಟೆಯ ಮೇಲೂ ಮಕ್ಕಳ ಕಣ್ಣಿಗೂ ಬೀಳುವುದನ್ನು ಅಲ್ಲಿನ ತಾಯಂದಿರು ಬಲ್ಲರು. ಇನ್ನೊಂದು ಸಂಗತಿಯೂ ಉಂಟು. ಕಸವೆಂದು ಸುರಿದ ಅದೇ ದಿಬ್ಬಗಳಲ್ಲಿ ಇನ್ನೂ ಚಿನ್ನದ ಅಂಶ ಉಳಿದಿದೆ. ಅಂಥ 13 ದಿಬ್ಬಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ಕಂಪ್ಯೂಟರಿನ ಉಳಿಕೆಯೂ ಹೀಗೆಯೇ. ಅದು ಬರೀ ಜಾಗ ತಿನ್ನುವ ಕಸವಲ್ಲ. ಅದರಲ್ಲಿ ನಿಮಗೆ ಹಾನಿ ಮಾಡುವ ವಿಷವೂ ಇರಬಹುದು, ತೆಗೆಯಲು ಬಲ್ಲವನಿಗೆ ಸಿಗುವ ಚಿನ್ನವೂ ಇರಬಹುದು. ಆ ಚಿನ್ನ ಯಾರದೋ ಖಾಸಗಿ ಬದುಕು.

ಹೊಸದಾಗಿ ಹಾಕಿದರೂ ಹಳೆಯದು ಉಳಿಯುವುದೇಕೆ?

ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಒಂದು ಮನೆ ಎಂದುಕೊಳ್ಳಿ. ಸಾಮಾನ್ಯವಾಗಿ ಅದನ್ನು ಸಿ, ಡಿ, ಇ ಎಂಬ ಕೋಣೆಗಳನ್ನಾಗಿ ವಿಭಜಿಸಿರುತ್ತಾರೆ. ಮನೆಯನ್ನು ನಡೆಸುವ ವಿಂಡೋಸ್ ಇರುವುದು ಸಿ ಕೋಣೆಯಲ್ಲಿ. ಅಂಗಡಿಯವರು ‘ಹೊಸದಾಗಿ ಹಾಕಿದೆ’ ಎನ್ನುವಾಗ ಬಹಳಷ್ಟು ಸಲ ಆ ಒಂದು ಕೋಣೆಗೆ ಮಾತ್ರ ಸುಣ್ಣ ಬಳಿದಿರುತ್ತಾರೆ. ಡಿ ಮತ್ತು ಇ ಕೋಣೆಗಳ ಬಾಗಿಲನ್ನೂ ತೆರೆದಿರುವುದಿಲ್ಲ.

ಕೆಲವೊಮ್ಮೆ ಸಿ ಕೋಣೆಯನ್ನೂ ಗುಡಿಸಿರುವುದಿಲ್ಲ. ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಹಳೆಯ ವಿಂಡೋಸ್ ಮೇಲೆಯೇ ಹೊಸದನ್ನು ಹಾಕಿದರೆ, ಹಳೆಯ ವಿಂಡೋಸ್, ಹಳೆಯ ಸಾಫ್ಟ್‌ವೇರ್, ಹಿಂದಿನವರ ಕಡತಗಳು ಎಲ್ಲವೂ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಒಂದು ಫೋಲ್ಡರಿಗೆ ಸರಿಯುತ್ತವೆ. ಮನೆ ಖಾಲಿ ಮಾಡುವ ಬದಲು ಹಳೆಯ ಸಾಮಾನನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಎಸೆದಂತೆ. ನಾದಿನಿಯ ಕಂಪ್ಯೂಟರಿನಲ್ಲಿ ಜಾಗ ತಿಂದದ್ದು ಈ ಮೂಟೆಯೇ.

ಇದಲ್ಲದೆ ಅಂಗಡಿಯವರೇ ತುಂಬಿದ ಸಾಫ್ಟ್‌ವೇರ್‌ಗಳೂ ಇರುತ್ತವೆ. ಹಣ ಕೊಡದ ವಿಂಡೋಸನ್ನು ಅಸಲಿಯಂತೆ ನಡೆಸುವ ಕಳ್ಳಕೀಲಿ, ದೂರದಿಂದಲೇ ರಿಪೇರಿ ಮಾಡಲು ಹಾಕಿ ಮರೆತುಬಿಟ್ಟ ‘ರಿಮೋಟ್’ ತಂತ್ರಾಂಶ, ಬ್ರೌಸರಿಗೆ ಅಂಟಿಕೊಂಡ ಜಾಹೀರಾತಿನ ಪಟ್ಟಿಗಳು ಇವೇ ಮುಂತಾದವು.

ಮೊದಲು ಒಂದು ಎಚ್ಚರಿಕೆ

ಕಂಪ್ಯೂಟರ್ ಬಂದ ದಿನವೇ ಮಕ್ಕಳು ಇಮೇಲ್ ತೆರೆಯಲು, ನೀವು ಬ್ಯಾಂಕ್ ಲೆಕ್ಕ ನೋಡಲು ಆತುರಪಡುತ್ತೀರಿ. ದಯವಿಟ್ಟು ತಾಳಿ. ಸ್ವಚ್ಛವಾಗುವವರೆಗೆ ಯಾವ ಪಾಸ್‌ವರ್ಡನ್ನೂ ಅದರಲ್ಲಿ ಒತ್ತಬೇಡಿ. ಕ್ಯಾಮೆರಾ ಇರುವ ಲ್ಯಾಪ್‌ಟಾಪ್ ಆಗಿದ್ದರೆ ಕ್ಯಾಮೆರಾದ ಕಣ್ಣಿಗೆ ಒಂದು ಸಣ್ಣ ಕಾಗದದ ಚೂರು ಅಂಟಿಸಿ. ಇದು ಸಂಶಯ ಸ್ವಭಾವವಲ್ಲ, ಬಾಡಿಗೆ ಮನೆಗೆ ಹೋದಾಗ ಬೀಗ ಬದಲಿಸುವಷ್ಟೇ ಸಹಜ.

ಮೊದಲ ದಾರಿ: ಪೂರ್ತಿ ಖಾಲಿ ಮಾಡುವುದು

ಕಂಪ್ಯೂಟರ್ ಈಗಷ್ಟೇ ಬಂದಿದೆ, ನಿಮ್ಮದು ಏನೂ ಅದರಲ್ಲಿಲ್ಲ ಎಂದಾದರೆ ಒಂದೊಂದೇ ಕಸ ಹೆಕ್ಕುವ ಶ್ರಮ ಬೇಡ. ಇಡೀ ಡಿಸ್ಕನ್ನು ಖಾಲಿ ಮಾಡಿ ವಿಂಡೋಸ್ ಹಾಕುವುದೇ ಉತ್ತಮ.

ಇದಕ್ಕೆ ಸುಲಭದ ಮಾರ್ಗ ವಿಂಡೋಸ್ 10 ಮತ್ತು 11ರಲ್ಲೇ ಇದೆ. ‘ಸೆಟ್ಟಿಂಗ್ಸ್’ನಲ್ಲಿ ‘ರಿಕವರಿ’ಗೆ ಹೋಗಿ ‘ರೀಸೆಟ್ ದಿಸ್ ಪಿಸಿ’ ಒತ್ತಿ. ‘ರಿಮೂವ್ ಎವ್ರಿಥಿಂಗ್’ ಆರಿಸಿ. ಮುಂದಿನ ಪುಟದಲ್ಲಿ ‘ಚೇಂಜ್ ಸೆಟ್ಟಿಂಗ್ಸ್’ ಎಂಬುದನ್ನು ತೆರೆದು ‘ಕ್ಲೀನ್ ಡೇಟಾ’ ಎಂಬುದಕ್ಕೆ ಹೌದು ಎನ್ನಿ. ಡಿ, ಇ ಕೂಡ ಇದ್ದರೆ ಎಲ್ಲ ಡ್ರೈವ್‌ಗಳಿಂದಲೂ ಅಳಿಸುವ ಆಯ್ಕೆಯನ್ನು ಗುರುತು ಮಾಡಿ. ಇದಕ್ಕೆ ಹಲವು ಗಂಟೆ ಹಿಡಿಯಬಹುದು. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಸಿಕ್ಕಿಸಿಯೇ ಇಡಿ. ಕರೆಂಟ್ ಹೋಗಿ ಬರುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಅಂಗಡಿಯವರು ಹಾಕಿದ ವಿಂಡೋಸ್ ಮೇಲೆಯೇ ನಂಬಿಕೆ ಇಲ್ಲದಿದ್ದರೆ ಇನ್ನೊಂದು ಮಾರ್ಗವಿದೆ. ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದ, ನಂಬಿಕೆಯ ಬೇರೊಂದು ಕಂಪ್ಯೂಟರಿನಲ್ಲಿ, 8 ಜಿಬಿಯ ಒಂದು ಪೆನ್ ಡ್ರೈವ್‌ಗೆ ವಿಂಡೋಸ್ ಇಳಿಸಿಕೊಳ್ಳಿ. ಆ ಪೆನ್ ಡ್ರೈವ್‌ನಿಂದ ಕಂಪ್ಯೂಟರನ್ನು ಆರಂಭಿಸಿ. ಯಾವ ಜಾಗದಲ್ಲಿ ಹಾಕಲಿ ಎಂದು ಅದು ಕೇಳುವಾಗ, ಆ ಡಿಸ್ಕಿನ ಎಲ್ಲ ವಿಭಾಗಗಳನ್ನು ಒಂದೊಂದಾಗಿ ಡಿಲೀಟ್ ಮಾಡಿ. ಕೊನೆಗೆ ಖಾಲಿ ಜಾಗವೊಂದೇ ಉಳಿಯುತ್ತದೆ. ಅಲ್ಲಿ ವಿಂಡೋಸ್ ಹಾಕಿ. ನಿಮ್ಮ ಫೋಟೋಗಳಿರುವ ಬೇರೆ ಡಿಸ್ಕ್ ಅಥವಾ ಪೆನ್ ಡ್ರೈವ್ ಸಿಕ್ಕಿಸಿದ್ದರೆ ಮೊದಲೇ ತೆಗೆದಿಡಲು ಮರೆಯದಿರಿ. ವೈಫೈ ಡ್ರೈವರನ್ನೂ ಕಂಪ್ಯೂಟರ್ ತಯಾರಕರ ತಾಣದಿಂದ ಮುಂಚೆಯೇ ಇಳಿಸಿಟ್ಟುಕೊಂಡರೆ ಒಳ್ಳೆಯದು. ಇಲ್ಲವಾದರೆ ಇಂಟರ್‌ನೆಟ್ ಇಲ್ಲದೆ ಡ್ರೈವರ್ ಸಿಗದು, ಡ್ರೈವರ್ ಇಲ್ಲದೆ ಇಂಟರ್‌ನೆಟ್ ಬಾರದು ಎಂಬ ಪೇಚಿಗೆ ಸಿಲುಕುತ್ತೀರಿ.

ಇದರಲ್ಲಿ ಇನ್ನೊಂದು ಲಾಭವೂ ಇದೆ. ಅಸಲಿ ವಿಂಡೋಸ್ 10 ಅಥವಾ 11 ಇದ್ದ ಯಂತ್ರವಾದರೆ ಅದರ ಪರವಾನಗಿ ಆ ಯಂತ್ರದ ಗುರುತಿಗೇ ಅಂಟಿಕೊಂಡಿರುತ್ತದೆ. ಅದೇ ಆವೃತ್ತಿಯನ್ನು ಮತ್ತೆ ಹಾಕಿ ಇಂಟರ್‌ನೆಟ್‌ಗೆ ಜೋಡಿಸಿದರೆ ಸಾಮಾನ್ಯವಾಗಿ ತಾನಾಗಿಯೇ ಚಾಲ್ತಿಗೆ ಬರುತ್ತದೆ. ಬಾರದಿದ್ದರೆ ಅಂಗಡಿಯವರು ಕಳ್ಳಕೀಲಿ ಬಳಸಿದ್ದರೇ ಎಂದು ಕೇಳಬಹುದು.

ಎರಡನೆಯ ದಾರಿ: ಹೆಕ್ಕಿ ತೆಗೆಯುವುದು

ಕಂಪ್ಯೂಟರ್ ಬಂದು ಹಲವು ತಿಂಗಳಾಗಿದೆ, ಮಕ್ಕಳ ಪಾಠ, ನಿಮ್ಮ ಲೆಕ್ಕಪತ್ರ ಎಲ್ಲ ಅದರಲ್ಲಿದೆ ಎಂದಾದರೆ ಹೆಕ್ಕಿಯೇ ತೆಗೆಯಬೇಕು. ಮೊದಲು ನಿಮ್ಮದನ್ನೆಲ್ಲ ಒಂದು ಪೆನ್ ಡ್ರೈವ್‌ಗೋ ಹೊರಗಿನ ಡಿಸ್ಕಿಗೋ ನಕಲು ಮಾಡಿ. ಅಕ್ಕಿಯಿಂದ ಕಲ್ಲು ಆರಿಸುವಾಗ ಇರುವ ತಾಳ್ಮೆಯೇ ಇಲ್ಲಿಯೂ ಬೇಕು.

ಅಟ್ಟದ ಮೂಟೆ: ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರನ್ನು ಮೌಸ್‌ನಿಂದ ನೇರವಾಗಿ ಡಿಲೀಟ್ ಮಾಡಲು ಹೋದರೆ ಬಹಳಷ್ಟು ಸಲ ಅದು ಬಗ್ಗುವುದಿಲ್ಲ. ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಸ್ಟೋರೇಜ್’, ‘ಟೆಂಪರರಿ ಫೈಲ್ಸ್’ ಹೀಗೆ ಒಂದೊಂದಾಗಿ ತೆರೆಯುತ್ತ ಹೋಗಿ. ಅಲ್ಲಿ ಹಿಂದಿನ ವಿಂಡೋಸ್ ಎಂದಿರುವ ಸಾಲನ್ನು ಮಾತ್ರ ಗುರುತು ಮಾಡಿ ಅಳಿಸಿ. ‘ಡೌನ್‌ಲೋಡ್ಸ್’ ಎಂಬ ಸಾಲಿಗೆ ಗುರುತು ಬಿದ್ದಿದ್ದರೆ ತೆಗೆಯಿರಿ, ಇಲ್ಲವಾದರೆ ಮಗಳ ನೋಟ್ಸ್ ಕೂಡ ಹೋದೀತು. ಹಳೆಯ ಯಂತ್ರಗಳಲ್ಲಿ ‘ಡಿಸ್ಕ್ ಕ್ಲೀನಪ್’ ತೆರೆದು ‘ಕ್ಲೀನಪ್ ಸಿಸ್ಟಮ್ ಫೈಲ್ಸ್’ ಒತ್ತಿದರೂ ಇದೇ ಸಾಲು ಸಿಗುತ್ತದೆ. ವಿಂಡೋಸನ್ನು ಹೊಸ ಆವೃತ್ತಿಗೆ ಏರಿಸಿದಾಗ ಈ ಮೂಟೆ 10 ದಿನಗಳ ನಂತರ ತಾನಾಗಿಯೇ ಅಳಿಯಬೇಕು. ಆದರೂ ಅದನ್ನೇ ನಂಬಿ ಕೂರದೆ ಒಮ್ಮೆ ನೋಡಿಬಿಡಿ.

ಎರಡು ಹೆಸರು ಕೇಳುವ ಕಾಟ: ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿ ಮತ್ತು ಆರ್ ಅನ್ನು ಒಟ್ಟಿಗೆ ಒತ್ತಿ, ‘ಎಂಎಸ್‌ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. ‘ಬೂಟ್’ ಎಂಬ ಪುಟದಲ್ಲಿ ಎರಡೂ ಹೆಸರುಗಳು ಕಾಣುತ್ತವೆ. ‘ಕರೆಂಟ್’ ಎಂದು ಬರೆದಿರುವುದು ನೀವೀಗ ಬಳಸುತ್ತಿರುವುದು. ಅದನ್ನು ಮುಟ್ಟದೆ ಇನ್ನೊಂದನ್ನು ಮಾತ್ರ ತೆಗೆಯಿರಿ.

ಡಿ ಡ್ರೈವ್‌ನಲ್ಲಿ ಉಳಿದ ಸಾಫ್ಟ್‌ವೇರ್: ಇದು ಬಹಳ ಮಂದಿಯನ್ನು ಗೊಂದಲಕ್ಕೀಡುಮಾಡುತ್ತದೆ. ಡಿ ಡ್ರೈವ್‌ನಲ್ಲಿ ‘ಪ್ರೋಗ್ರಾಂ ಫೈಲ್ಸ್’ ಎಂಬ ಫೋಲ್ಡರ್ ಇರುತ್ತದೆ, ಒಳಗೆ ಹತ್ತಾರು ಸಾಫ್ಟ್‌ವೇರ್‌ಗಳ ಹೆಸರು. ಆದರೆ ಕಂಟ್ರೋಲ್ ಪ್ಯಾನೆಲ್‌ನ ಪಟ್ಟಿಯಲ್ಲಿ ಒಂದೂ ಇರುವುದಿಲ್ಲ. ಅಂದ ಮೇಲೆ ತೆಗೆಯುವುದು ಹೇಗೆ? ಕಾರಣ ಸರಳ. ಯಾವ ಸಾಫ್ಟ್‌ವೇರ್ ಎಲ್ಲಿದೆ ಎಂದು ವಿಂಡೋಸ್ ಬರೆದಿಡುವ ದಫ್ತರಿಗೆ ರಿಜಿಸ್ಟ್ರಿ ಎಂದು ಹೆಸರು. ವಿಂಡೋಸ್ ಹೊಸದಾಗಿ ಹಾಕಿದಾಗ ಆ ದಫ್ತರವೂ ಹೊಸದಾಯಿತು. ಹಳೆಯ ಸಾಫ್ಟ್‌ವೇರ್‌ಗಳ ಹೆಸರು ಅದರಲ್ಲಿಲ್ಲ. ಆದ್ದರಿಂದ ಅವನ್ನು ‘ಅನ್‌ಇನ್‌ಸ್ಟಾಲ್’ ಮಾಡಬೇಕಾಗಿಲ್ಲ. ಅವು ಈಗ ಬರೀ ಕಡತಗಳ ರಾಶಿ. ಫೋಲ್ಡರನ್ನೇ ಡಿಲೀಟ್ ಮಾಡಿದರೆ ಸಾಕು. ನೀವೇ ಡಿ ಡ್ರೈವ್‌ನಲ್ಲಿ ಯಾವುದಾದರೂ ಹೊಸ ಸಾಫ್ಟ್‌ವೇರ್ ಹಾಕಿದ್ದರೆ ಅದನ್ನು ಮಾತ್ರ ಬಿಡಿ. ಸಿ ಡ್ರೈವ್‌ನ ‘ಪ್ರೋಗ್ರಾಂ ಫೈಲ್ಸ್’ಗೆ ಈ ಮಾತು ಅನ್ವಯಿಸುವುದಿಲ್ಲ, ಅದನ್ನು ಕೈಯಿಂದ ಅಳಿಸಬೇಡಿ.

‘ನಿಮಗೆ ಅನುಮತಿ ಇಲ್ಲ’ ಎಂದು ಕಂಪ್ಯೂಟರ್ ತಡೆದರೆ ಹೆದರಬೇಡಿ. ಮನೆ ಕೊಂಡಿದ್ದೀರಿ, ಆದರೆ ಖಾತೆ ಇನ್ನೂ ಹಿಂದಿನವರ ಹೆಸರಿನಲ್ಲಿದೆ ಎಂದಷ್ಟೇ ಅರ್ಥ. ಫೋಲ್ಡರಿನ ಮೇಲೆ ಬಲ ಗುಂಡಿ ಒತ್ತಿ ‘ಪ್ರಾಪರ್ಟೀಸ್’, ‘ಸೆಕ್ಯುರಿಟಿ’, ‘ಅಡ್ವಾನ್ಸ್‌ಡ್’ ತೆರೆದು, ‘ಓನರ್’ ಎಂಬಲ್ಲಿ ನಿಮ್ಮ ಹೆಸರನ್ನು ಹಾಕಿ. ಒಳಗಿನ ಫೋಲ್ಡರ್‌ಗಳಿಗೂ ಅನ್ವಯಿಸಲಿ ಎಂದು ಗುರುತು ಮಾಡಿ. ಅದೇ ‘ಸೆಕ್ಯುರಿಟಿ’ ಪುಟದಲ್ಲಿ ನಿಮ್ಮ ಹೆಸರಿಗೆ ಪೂರ್ಣ ಅನುಮತಿ ಕೊಟ್ಟು ಆಮೇಲೆ ಅಳಿಸಿ.

ಅಂಗಡಿಯವರು ತುಂಬಿದ್ದು: ‘ಸೆಟ್ಟಿಂಗ್ಸ್’ನ ‘ಆ್ಯಪ್ಸ್’ನಲ್ಲಿ ಇಡೀ ಪಟ್ಟಿ ಸಿಗುತ್ತದೆ. ಅದನ್ನು ದಿನಾಂಕದ ಪ್ರಕಾರ ಜೋಡಿಸಿ ನಿಧಾನವಾಗಿ ಓದಿ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಹೆಸರುಗಳು ಕಂಡರೆ, ನೀವಾಗಿ ಹಾಕದಿದ್ದರೆ, ಮೊದಲು ಅವನ್ನು ತೆಗೆಯಿರಿ. ಅವು ಸ್ವತಃ ಕೆಟ್ಟವಲ್ಲ. ಆದರೆ ಅವುಗಳ ಮೂಲಕ ದೂರದಲ್ಲಿರುವವರು ನಿಮ್ಮ ಪರದೆಯನ್ನು ನೋಡಬಹುದು, ನಿಮ್ಮ ಮೌಸನ್ನು ಆಡಿಸಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರನ್ನೂ ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರ ‘ಸ್ಟಾರ್ಟಪ್’ ಪುಟದಲ್ಲಿ, ಆನ್ ಮಾಡಿದೊಡನೆ ತಾವಾಗಿ ಏಳುವ ಸಾಫ್ಟ್‌ವೇರ್‌ಗಳಿರುತ್ತವೆ. ಬೇಡದ್ದನ್ನು ‘ಡಿಸೇಬಲ್’ ಮಾಡಿ. ಬ್ರೌಸರಿನಲ್ಲಿ ‘ಎಕ್ಸ್‌ಟೆನ್ಷನ್ಸ್’ ತೆರೆದು ಗೊತ್ತಿಲ್ಲದ್ದನ್ನೆಲ್ಲ ಕಿತ್ತುಹಾಕಿ. ಉಳಿಸಿದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಬೇರೆಯವರ ಹೆಸರಿದ್ದರೆ ಅದನ್ನೂ ಅಳಿಸಿ.

ಅವಧಿ ಮೀರಿದ ಆ್ಯಂಟಿ ವೈರಸ್: ಇದು ಸಾಮಾನ್ಯ ರೀತಿಯಲ್ಲಿ ತೆಗೆದರೂ ಬೇರು ಬಿಡುವ ಜಾತಿ. ಪ್ರಮುಖ ಆ್ಯಂಟಿ ವೈರಸ್ ಕಂಪನಿಗಳು ತಮ್ಮದನ್ನು ಪೂರ್ತಿ ಕಿತ್ತುಹಾಕಲು ಪ್ರತ್ಯೇಕ ಉಚಿತ ಸಾಧನವನ್ನು ತಮ್ಮ ತಾಣದಲ್ಲಿಟ್ಟಿವೆ. ಅದನ್ನು ಬಳಸಿ. ಹಳೆಯದು ಹೋದ ಮೇಲೆ ವಿಂಡೋಸ್‌ನೊಂದಿಗೇ ಬರುವ ಡಿಫೆಂಡರ್ ತಾನಾಗಿ ಎಚ್ಚರಗೊಳ್ಳುತ್ತದೆ. ಅದರಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಎಂಬ ಆಯ್ಕೆಯಿದೆ. ವಿಂಡೋಸ್ ಪೂರ್ತಿ ಏಳುವ ಮುನ್ನವೇ ಅದು ತಪಾಸಣೆ ನಡೆಸುವುದರಿಂದ, ಅಡಗಿ ಕೂರುವ ವೈರಸ್‌ಗಳೂ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಒಮ್ಮೆ ಮಾಡಿಸಿ.

ಇವನ್ನು ಮುಟ್ಟಬೇಡಿ

ಸ್ವಚ್ಛತೆಯ ಉತ್ಸಾಹದಲ್ಲಿ ಕೆಲವರು ಕೆಲಸಕ್ಕೆ ಬರುವುದನ್ನೂ ಗುಡಿಸಿಹಾಕುತ್ತಾರೆ. ‘ವಿಷುವಲ್ ಸಿ ಪ್ಲಸ್ ಪ್ಲಸ್’, ‘ಡಾಟ್ ನೆಟ್’ ಎಂದು ಶುರುವಾಗುವ ಹೆಸರುಗಳು ಬೇರೆ ಸಾಫ್ಟ್‌ವೇರ್‌ಗಳಿಗೆ ಊರುಗೋಲು. ಇಂಟೆಲ್, ರಿಯಲ್‌ಟೆಕ್ ಮುಂತಾದ ಹೆಸರಿನವು ಸಾಮಾನ್ಯವಾಗಿ ಧ್ವನಿ, ಚಿತ್ರ, ವೈಫೈ ನಡೆಸುವ ಡ್ರೈವರ್‌ಗಳು. ಅವು ಇರಲಿ.

ನಮ್ಮ ಮನೆಗಳಿಗೆ ಸಂಬಂಧಿಸಿದ ಇನ್ನೆರಡು ವಿಷಯಗಳಿವೆ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಬರೆದ ಕನ್ನಡ ಕಡತಗಳು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಕಡತ ಕೆಟ್ಟಿದೆ ಎಂದು ಅಳಿಸಬೇಡಿ. ಫಾಂಟ್ ಮತ್ತೆ ಹಾಕಿದರೆ ಅಕ್ಷರ ಮರಳುತ್ತದೆ. ಹಾಗೆಯೇ ಉರ್ದುವಿನ ಇನ್‌ಪೇಜ್ ಕಡತಗಳು. ಅಬ್ಬಾಜಾನ್ ಬರೆದಿಟ್ಟ ಪತ್ರವೋ, ಮದುವೆಯ ಕರೆಯೋಲೆಯೋ ಇನ್‌ಪೇಜ್‌ನಲ್ಲಿದ್ದರೆ ಆ ಸಾಫ್ಟ್‌ವೇರ್ ತೆಗೆದ ಮೇಲೆ ಅದು ತೆರೆಯದು. ವಿಂಡೋಸ್ ಬದಲಿಸುವ ಮುನ್ನ ಅಂಥವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

‘ರಿಜಿಸ್ಟ್ರಿ ಕ್ಲೀನರ್’ ಎಂಬ ಹೆಸರಿನ ಸಾಫ್ಟ್‌ವೇರ್‌ಗಳ ಮೋಡಿಗೂ ಒಳಗಾಗಬೇಡಿ. ‘ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ’ ಎಂದು ಅವು ಹೆದರಿಸುತ್ತವೆ. ದಫ್ತರಿನಲ್ಲಿ ಉಳಿದ ಹಳೆಯ ಸಾಲುಗಳಿಂದ ಬಹುಮಟ್ಟಿಗೆ ಯಾವ ತೊಂದರೆಯೂ ಇಲ್ಲ. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಆ ಹೆಸರು ಹೋಗಿ ಎಷ್ಟೋ ಕಾಲವಾದರೂ ರೈಲ್ವೆ ಟಿಕೆಟಿನಲ್ಲಿ ನಮ್ಮೂರ ಸಂಕೇತ ಇಂದಿಗೂ ‘ಬಿಡಬ್ಲ್ಯೂಟಿ’ ಎಂದೇ ಇದೆ. ಅದರಿಂದ ಯಾವ ರೈಲೂ ದಾರಿ ತಪ್ಪಿಲ್ಲ. ಎಲ್ಲ ಉಳಿಕೆಯೂ ಸಯನೈಡ್ ಧೂಳಲ್ಲ. ಆದರೆ ಆ ದಫ್ತರಿನಲ್ಲಿ ತಪ್ಪು ಸಾಲನ್ನು ಅಳಿಸಿದರೆ ಕಂಪ್ಯೂಟರ್ ಏಳದೇ ಹೋಗಬಹುದು.

ತೆಗೆದರೂ ಮರಳಿ ಬರುವುದು

ಅಪರೂಪಕ್ಕೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹಾಕಿದರೂ ಒಂದು ಸಾಫ್ಟ್‌ವೇರ್ ತಾನಾಗಿ ಮರಳಿ ಬರುತ್ತದೆ. ಜಿನ್ ಅಲ್ಲ, ಭೂತವೂ ಅಲ್ಲ! ಕಂಪ್ಯೂಟರಿನ ಮದರ್‌ಬೋರ್ಡ್ ಮೇಲಿರುವ ಬಯೋಸ್ ಎಂಬ ಚಿಪ್ಪಿನಲ್ಲಿ ಅದರ ಬೀಜ ಇರುತ್ತದೆ. 2015ರಲ್ಲಿ ಲೆನೊವೊ ಕಂಪನಿಯ ಕೆಲವು ಮಾದರಿಗಳಲ್ಲಿ ಇಂಥದ್ದು ಬಯಲಾಗಿ ದೊಡ್ಡ ಗದ್ದಲವಾಯಿತು. ಬಯೋಸ್‌ನಲ್ಲಿದ್ದ ಒಂದು ಸೇವೆ, ಹೊಸದಾಗಿ ಹಾಕಿದ ವಿಂಡೋಸ್‌ನೊಳಕ್ಕೂ ಕಂಪನಿಯ ಸಾಫ್ಟ್‌ವೇರನ್ನು ತಾನಾಗಿ ತಂದು ಕೂರಿಸುತ್ತಿತ್ತು. ಆಮೇಲೆ ಕಂಪನಿಯೇ ಅದನ್ನು ತೆಗೆಯುವ ಸಾಧನವನ್ನು ಬಿಡುಗಡೆ ಮಾಡಿತು.

ಕಳ್ಳತನವಾದರೆ ಪತ್ತೆಹಚ್ಚಲೆಂದು ದೊಡ್ಡ ಕಚೇರಿಗಳು ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ ಕಂಪ್ಯೂಟ್ರೇಸ್‌ನಂಥ ವ್ಯವಸ್ಥೆಯೂ ಹೀಗೆಯೇ ಬಯೋಸ್‌ನಲ್ಲಿ ಇರುತ್ತದೆ. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಹಳೆಯ ಸರಕಿನ ಮಾರುಕಟ್ಟೆಗೆ ಬರುವುದರಿಂದ ನಾವು ಇದನ್ನು ತಿಳಿದಿರಬೇಕು. ಹೊಸದಾಗಿ ವಿಂಡೋಸ್ ಹಾಕಿದಾಗಲೂ ಯಾವುದೋ ಕಂಪನಿಯ ಹೆಸರು ತೋರಿಸಿ ಅವರ ಲಾಗಿನ್ ಕೇಳಿದರೆ, ಅಥವಾ ‘ಸೆಟ್ಟಿಂಗ್ಸ್’ನ ‘ಅಕೌಂಟ್ಸ್’ ಒಳಗೆ ಕಚೇರಿಯ ಖಾತೆಯೊಂದು ಜೋಡಿಸಿದಂತೆ ಕಂಡರೆ, ಆ ಯಂತ್ರದ ಮೇಲೆ ಇನ್ನೂ ಹಿಂದಿನ ಒಡೆಯರ ಹಿಡಿತವಿದೆ ಎಂದರ್ಥ. ಅದನ್ನು ಅವರೇ ಬಿಡಿಸಿಕೊಡಬೇಕು. ಅಂಗಡಿಗೆ ಹಿಂದಿರುಗಿಸುವುದೇ ಸರಿ. ಆದ್ದರಿಂದಲೇ ಕೊಳ್ಳುವಾಗ ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಯಂತ್ರದ ಸೀರಿಯಲ್ ಸಂಖ್ಯೆಯನ್ನೂ ಬರೆಸಿ. ಕದ್ದ ಮಾಲು ನಮ್ಮ ಮನೆಗೆ ಬರುವುದು ಬೇಡ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಯಬೇಕಾದರೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪು ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಇರಬೇಕು. ಬೆಲೆ ಮಾತಾಡುವ ಮುನ್ನ ಇದನ್ನು ವಿಚಾರಿಸಿ. ಅದಕ್ಕಿಂತ ಹಳೆಯ ಯಂತ್ರ ಈಗಾಗಲೇ ಮನೆಯಲ್ಲಿದ್ದರೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಸಬಹುದು. ಓದು, ಬರಹ, ಇಂಟರ್‌ನೆಟ್‌ಗೆ ಅದು ಧಾರಾಳ ಸಾಕು, ಕಳ್ಳಕೀಲಿಯ ಗೊಡವೆಯೂ ಇಲ್ಲ.

ನಮ್ಮದು ಹೊರಗೆ ಹೋಗುವಾಗ

ಈಗ ನಾದಿನಿಯ ಪ್ರಶ್ನೆಗೆ ಬರೋಣ. ನಾವು ಕೊಟ್ಟ ಕಂಪ್ಯೂಟರಿನ ಗತಿ ಏನು?

ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು 2000ದಿಂದ 2002ರ ನಡುವೆ 158 ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿದರು. ಓದಲು ಸಾಧ್ಯವಾದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದು ಕೇವಲ 12. ಉಳಿದವುಗಳಲ್ಲಿ 5000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ವಿವರಗಳು, ಖಾಸಗಿ ಪತ್ರಗಳು ಸಿಕ್ಕವು. 2003ರಲ್ಲಿ ಪ್ರಕಟವಾದ ಈ ವರದಿಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಎಷ್ಟೋ ಡಿಸ್ಕ್‌ಗಳನ್ನು ಅವುಗಳ ಒಡೆಯರು ಫಾರ್ಮ್ಯಾಟ್ ಮಾಡಿಯೇ ಮಾರಿದ್ದರು. ತಾವು ಎಲ್ಲವನ್ನೂ ಅಳಿಸಿದ್ದೇವೆ ಎಂದೇ ಅವರು ಭಾವಿಸಿರಬಹುದು.

ಏಕೆ ಹೀಗೆ? ಡಿಲೀಟ್ ಅಥವಾ ‘ಕ್ವಿಕ್ ಫಾರ್ಮ್ಯಾಟ್’ ಮಾಡುವುದೆಂದರೆ ಪುಸ್ತಕದ ಪರಿವಿಡಿಯನ್ನು ಮಾತ್ರ ಹರಿದಂತೆ. ಒಳಪುಟಗಳು ಹಾಗೆಯೇ ಇರುತ್ತವೆ. ಅವುಗಳ ಮೇಲೆ ಹೊಸದು ಬರೆಯುವವರೆಗೆ, ಉಚಿತವಾಗಿ ಸಿಗುವ ಸಾಧನಗಳಿಂದಲೂ ಹೊರತೆಗೆಯಬಹುದು.

ಆದ್ದರಿಂದ ಮಾರುವ ಮುನ್ನ ಮೊದಲು ಬೇಕಾದ್ದನ್ನೆಲ್ಲ ನಕಲು ಮಾಡಿಕೊಳ್ಳಿ. ಇಮೇಲ್, ವಾಟ್ಸ್‌ಆ್ಯಪ್, ಬ್ರೌಸರ್ ಎಲ್ಲದರಿಂದಲೂ ‘ಸೈನ್ ಔಟ್’ ಆಗಿ. ನಂತರ ಮೇಲೆ ಹೇಳಿದ ‘ಕ್ಲೀನ್ ಡೇಟಾ’ದೊಂದಿಗೆ ರೀಸೆಟ್ ಮಾಡಿ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಡಿ, ಇ ಡ್ರೈವ್‌ಗಳನ್ನು ‘ಕ್ವಿಕ್’ ಗುರುತು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರೆ ಈಗಿನ ವಿಂಡೋಸ್ ಇಡೀ ಜಾಗದಲ್ಲಿ ಸೊನ್ನೆ ಬರೆಯುತ್ತದೆ. ಎಸ್‌ಎಸ್‌ಡಿ ಆಗಿದ್ದರೆ ಅದರ ತಯಾರಕರೇ ಕೊಡುವ ‘ಸೆಕ್ಯೂರ್ ಇರೇಸ್’ ಸಾಧನವನ್ನು ಬಳಸುವುದು ಒಳ್ಳೆಯದು. ಕೆಟ್ಟು ಹೋದ ಕಂಪ್ಯೂಟರನ್ನು ರದ್ದಿಗೆ ಕೊಡುವುದಾದರೆ ಡಿಸ್ಕನ್ನು ಬಿಚ್ಚಿ ಇಟ್ಟುಕೊಳ್ಳಿ. ಕಂಪ್ಯೂಟರ್ ಸತ್ತಿದ್ದರೂ ಡಿಸ್ಕ್ ಬದುಕಿರಬಹುದು. ರಿಪೇರಿಗೆ ಕೊಡುವಾಗಲೂ ಇದೇ ಎಚ್ಚರ ಇರಲಿ. ಸಾಧ್ಯವಾದರೆ ಮನೆಯವರೊಬ್ಬರು ಜೊತೆಗಿದ್ದು ಮಾಡಿಸಿ.

ಹಿಂದಿನವರ ಕಡತಗಳನ್ನು ಏನು ಮಾಡಬೇಕು?

ಒಮ್ಮೆ ಅವು ಕಣ್ಣಿಗೆ ಬಿದ್ದರೆ ಕುತೂಹಲ ಸಹಜ. ಮಕ್ಕಳಿಗಂತೂ ಇನ್ನೂ ಹೆಚ್ಚು. ಆದರೆ ಪಕ್ಕದ ಮನೆಯ ಕಿಟಕಿ ತೆರೆದಿದೆ ಎಂದು ನಾವು ಇಣುಕುತ್ತೇವೆಯೇ? ಇನ್ನೊಬ್ಬರ ಮನೆಯ ಗುಟ್ಟನ್ನು ಮುಚ್ಚುವುದು, ಕೈಗೆ ಸಿಕ್ಕಿದ್ದನ್ನು ಅಮಾನತಿನಂತೆ ಕಾಯುವುದು ನಮಗೆ ಚಿಕ್ಕಂದಿನಿಂದ ಕಲಿಸಿದ ಪಾಠ. ಅದು ಹಾರ್ಡ್ ಡಿಸ್ಕಿಗೂ ಅನ್ವಯಿಸುತ್ತದೆ. ನೋಡಬೇಡಿ, ಯಾರಿಗೂ ಕಳುಹಿಸಬೇಡಿ, ತಮಾಷೆಗೂ ಮೊಬೈಲಿಗೆ ಹಾಕಿಕೊಳ್ಳಬೇಡಿ. ಒಡೆಯರು ಯಾರೆಂದು ಅಂಗಡಿಯವರಿಗೆ ಗೊತ್ತಿದ್ದರೆ ಅವರ ಮೂಲಕ ಒಂದು ಮಾತು ಕೇಳಿಸಿ, ಬಹುಶಃ ಅವರ ಬಳಿ ಬೇರೆ ಪ್ರತಿ ಇಲ್ಲದಿರಬಹುದು. ಗೊತ್ತಾಗದಿದ್ದರೆ ಪೂರ್ತಿ ಅಳಿಸಿಬಿಡಿ. ಯಾರಾದರೂ ನಿಮ್ಮದೇ ಹಳೆಯ ಚಿತ್ರ, ದಾಖಲೆಗಳನ್ನು ಹಿಡಿದು ಬೆದರಿಸಿದರೆ ಹೆದರಿ ಹಣ ಕೊಡಬೇಡಿ, ಮನೆಯವರಿಂದ ಮುಚ್ಚಿಡಬೇಡಿ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಪೊಲೀಸರಿಗೆ ದೂರು ಕೊಡಿ.

ಆ ಭಾನುವಾರ ನಾವು ಆ ಮದುವೆಯ ಫೋಲ್ಡರನ್ನು ಮತ್ತೆ ತೆರೆಯಲಿಲ್ಲ. ಅಂಗಡಿಯವರಿಗೆ ಒಡೆಯರು ಯಾರೆಂದು ತಿಳಿದಿರಲಿಲ್ಲ. ಇಡೀ ಡಿಸ್ಕನ್ನು ಅಳಿಸಲು ಹಾಕಿ ಅಡುಗೆಮನೆಗೆ ಹೋದೆವು. ಮಧ್ಯಾಹ್ನ ಶುರುವಾದದ್ದು ಮುಗಿಯುವಾಗ ಇಶಾ ಆಗಿತ್ತು. ಪರದೆ ಹೊಸದಾಗಿ ಬೆಳಗಿದಾಗ ನಾದಿನಿಯ ಮಗಳು ತನ್ನ ಹೆಸರು ಬರೆದು ಕುಳಿತಳು.

ನಾದಿನಿ ಮಾತ್ರ ಬಾಗಿಲ ಬಳಿ ನಿಂತಿದ್ದಳು. ‘ಆ ಮದುಮಗಳ ಮಾನವನ್ನು ನಾವು ಕಾಪಾಡಿದೆವು. ನನ್ನದು ಸಿಕ್ಕಿದವರೂ ಹೀಗೆ ಮಾಡಿರಲಿ’ ಎಂದಳು.

ಸಹೋದರಿಯರೇ, ನಿಮ್ಮ ಮನೆಯ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಹಳೆಯ ಕಂಪ್ಯೂಟರ್ ಒಂದಿದ್ದರೆ, ಅದನ್ನು ಯಾರಿಗಾದರೂ ಕೊಡುವ ಮುನ್ನ ಒಂದು ಮಧ್ಯಾಹ್ನವನ್ನು ಅದಕ್ಕಾಗಿ ಎತ್ತಿಡಿ.